ಹತ್ತಾರು ರೆಪೋಗಳಿಗೆ ಒಂದೇ ಕಮಾಂಡ್: ಮೈರೆಪೋಸ್ ಹಾಕಿಕೊಳ್ಳುವ ಸರಿಯಾದ ಕ್ರಮ

"ಎಂಆರ್ ಅಪ್‌ಡೇಟ್ ಅಂತ ಹೊಡೆದೆ. ಅರ್ಧ ರೆಪೋ ಫೇಲ್ ಆಯ್ತು, ಇನ್ನರ್ಧ ಪಾಸ್‌ವರ್ಡ್ ಕೇಳ್ತಾ ಕೂತಿತ್ತು." ಮೈರೆಪೋಸ್ ಅಂದರೆ ಹತ್ತಾರು ರೆಪೋಗಳನ್ನು, ಅಂದರೆ ಗಿಟ್‌ನಂಥ ವ್ಯವಸ್ಥೆ ಬದಲಾವಣೆಗಳ ಇತಿಹಾಸ ಸಮೇತ ಕಾಯುವ ಕೋಡ್ ಫೋಲ್ಡರ್‌ಗಳನ್ನು, ಒಂದೇ ಕಮಾಂಡಿನಲ್ಲಿ ನೋಡಿಕೊಳ್ಳುವ ಟೂಲ್. ಎಂಆರ್ ಅದರ ಕಮಾಂಡ್. ಅದರ ಬಗ್ಗೆ ನನಗೆ ಬರುವ ದೂರುಗಳು ಹೆಚ್ಚೂಕಮ್ಮಿ ಹೀಗೇ ಇರುತ್ತವೆ. ಕೇಳಿದರೆ ಎಲ್ಲರದ್ದೂ ಒಂದೇ ಕಥೆ. ಇನ್‌ಸ್ಟಾಲ್ ಮಾಡಿದರು, ಇದ್ದಬದ್ದ ರೆಪೋಗಳನ್ನೆಲ್ಲ ಅದರೊಳಗೆ ತುಂಬಿದರು, ಮೊದಲ ಕಮಾಂಡೇ ಅಪ್‌ಡೇಟ್. ಆಮೇಲೆ ಸಂಜೆಯವರೆಗೂ ಗೋಜಲು ಬಿಡಿಸುವ ಕೆಲಸ.

ಇಲ್ಲಿ ಕ್ರಮವೇ ಮುಖ್ಯ. ರೆಪೋಗಳನ್ನು ಮೊದಲು ಚೊಕ್ಕ ಮಾಡಬೇಕು, ಆಮೇಲೆ ಟೂಲ್‌ಗೆ ಒಪ್ಪಿಸಬೇಕು. ಆಗಲೂ ಮೊದಲು ಸ್ಟೇಟಸ್, ಅದಾದ ಮೇಲೆ ಅಪ್‌ಡೇಟ್. ಕಮಿಟ್ (ಬದಲಾವಣೆಯನ್ನು ರೆಪೋದಲ್ಲಿ ದಾಖಲಿಸುವುದು) ಅನ್ನಂತೂ ಎಲ್ಲಾ ರೆಪೋಗಳಿಗೆ ಒಟ್ಟಿಗೆ ಹೊಡೆಯಲೇಬಾರದು. ಅದು ಯಾಕೆ ಅಂತ ಏಳನೇ ಹಂತದಲ್ಲಿ ನನ್ನದೇ ಮಾನ ಕಳೆದುಕೊಂಡು ಹೇಳುತ್ತೇನೆ.

ಒಂದು ಸೂಚನೆ: ಕಮಾಂಡ್‌ಗಳನ್ನು ಇಲ್ಲಿ ಉಚ್ಚರಿಸುವ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್ ಸಣ್ಣ ಅಕ್ಷರಗಳಲ್ಲಿ ಟೈಪ್ ಮಾಡಿ. ದೊಡ್ಡ ಅಕ್ಷರ ಬೇಕಾದ ಕಡೆ ಹೇಳುತ್ತೇನೆ. ಟೂಲ್‌ನ ಹೆಸರು ಮೈರೆಪೋಸ್ ಆದರೂ ಅದರ ಕಮಾಂಡ್ ಬರೀ ಎರಡು ಅಕ್ಷರ: ಎಂಆರ್.

## ಏನೇನು ಬೇಕು

ಲಿನಕ್ಸ್ ಅಥವಾ ಮ್ಯಾಕ್ ಇದ್ದರೆ ಸಾಕು. ಗಿಟ್ ಹೇಗೂ ಇರುತ್ತದೆ. ಮೈರೆಪೋಸ್ ಬರೆದಿರುವುದು ಪರ್ಲ್‌ನಲ್ಲಿ, ಇಡೀ ಟೂಲ್ ಒಂದೇ ಸ್ಕ್ರಿಪ್ಟ್ ಫೈಲ್. ಡೆಬಿಯನ್, ಉಬುಂಟುಗಳಲ್ಲಿ ಪ್ಯಾಕೇಜ್ ಹೆಸರೇ ಮೈರೆಪೋಸ್, ಅವುಗಳ ಇನ್‌ಸ್ಟಾಲ್ ಕಮಾಂಡ್ ಆದ ಆಪ್ಟ್‌ನಲ್ಲಿ ಸಿಗುತ್ತದೆ. ಬೇರೆ ಕಡೆ ಆ ಒಂದು ಫೈಲನ್ನು ತಂದು, ಟರ್ಮಿನಲ್ ಕಮಾಂಡ್ ಹುಡುಕುವ ಪಾತ್‌ನಲ್ಲಿರುವ ಫೋಲ್ಡರಿಗೆ ಹಾಕಿ, ಎಕ್ಸಿಕ್ಯೂಟ್ ಅನುಮತಿ ಕೊಟ್ಟರೆ ಮುಗಿಯಿತು.

ಗಿಟ್ ಅಷ್ಟೇ ಅಲ್ಲದೆ ಸಬ್‌ವರ್ಶನ್, ಮರ್ಕ್ಯೂರಿಯಲ್, ಬಜಾರ್, ಡಾರ್ಕ್ಸ್, ಸಿವಿಎಸ್, ಫಾಸಿಲ್ ರೆಪೋಗಳನ್ನೂ ಇದು ನಿಭಾಯಿಸುತ್ತದೆ. ಹಳೇ ಪ್ರಾಜೆಕ್ಟ್ ಒಂದು ಇನ್ನೂ ಸಬ್‌ವರ್ಶನ್‌ನಲ್ಲೇ ಉಳಿದುಕೊಂಡಿರುತ್ತದಲ್ಲ, ಅಂಥವರಿಗೆ ಇದು ತುಂಬಾ ಅನುಕೂಲ.

ಇದರ ಜೊತೆಗೆ ಒಂದು ಗಂಟೆ ಬಿಡುವು ಬೇಕು. ನಿಜಕ್ಕೂ. ಮೊದಲ ಮೂರು ಹಂತಗಳಲ್ಲಿ ಟೂಲ್‌ನ ಕಮಾಂಡ್ ಒಂದನ್ನೂ ಹೊಡೆಯುವುದಿಲ್ಲ. ಜನ ಹಾರಿಸುವುದೂ ಅವನ್ನೇ.

## ಹಂತ 1: ಫೋಲ್ಡರ್‌ಗಳನ್ನು ಮೊದಲೇ ಜೋಡಿಸಿ

ಡೆಸ್ಕ್‌ಟಾಪ್‌ನಲ್ಲಿ ಎರಡು, ಡೌನ್‌ಲೋಡ್ಸ್‌ನಲ್ಲಿ ಮೂರು, "ಹೊಸದು-2" ಅನ್ನೋ ಫೋಲ್ಡರಿನಲ್ಲಿ ಇನ್ನೊಂದಿಷ್ಟು. ರೆಪೋಗಳು ಹೀಗೇ ಚೆಲ್ಲಾಪಿಲ್ಲಿ ಆಗಿರುತ್ತವೆ. ಎಲ್ಲೆಲ್ಲಿವೆ ಅಂತ ನೋಡಲು ಇದು ಸಾಕು:

    ಫೈಂಡ್ ~ -ಟೈಪ್ ಡಿ -ನೇಮ್ .ಗಿಟ್ -ಪ್ರೂನ್

ಸಬ್‌ಮಾಡ್ಯೂಲ್‌ಗಳಲ್ಲಿ (ರೆಪೋದ ಒಳಗಿನ ರೆಪೋ), ಗಿಟ್ ವರ್ಕ್‌ಟ್ರೀಗಳಲ್ಲಿ (ಅದೇ ರೆಪೋದ ಇನ್ನೊಂದು ಕೆಲಸದ ಫೋಲ್ಡರ್) ಡಾಟ್ ಗಿಟ್ ಅನ್ನುವುದು ಫೋಲ್ಡರ್ ಆಗಿರದೆ ಸಣ್ಣ ಫೈಲ್ ಆಗಿರುತ್ತದೆ. ಹಾಗಾಗಿ ಅವು ಈ ಪಟ್ಟಿಯಲ್ಲಿ ಬರುವುದಿಲ್ಲ. ಒಳ್ಳೆಯದೇ ಆಯಿತು, ಅವನ್ನು ಎಂಆರ್‌ಗೆ ಸೇರಿಸಬೇಡಿ.

ಈಗ ಎಲ್ಲವನ್ನೂ ಒಂದೇ ಸೂರಿನಡಿ ತನ್ನಿ. ನನ್ನದು ಹೋಮ್ ಫೋಲ್ಡರಿನ ಒಳಗೆ "ಕೋಡ್", ಅದರೊಳಗೆ ಮೂರು: "ಕೆಲಸ", "ಸ್ವಂತ", "ಹೊರಗಿನವು". ಹೊರಗಿನವು ಅಂದರೆ ನಾನು ಓದಲು ಮಾತ್ರ ಇಳಿಸಿಕೊಂಡ ಬೇರೆಯವರ ಕೋಡ್. ಈ ವಿಂಗಡಣೆ ಸುಮ್ನೆ ಅಂದಕ್ಕಲ್ಲ. ನೀವು ಯಾವ ಫೋಲ್ಡರಿನಲ್ಲಿ ನಿಂತಿದ್ದೀರೋ ಅಲ್ಲಿ ಮತ್ತು ಅದರ ಕೆಳಗೆ ಇರುವ ರೆಪೋಗಳ ಮೇಲೆ ಮಾತ್ರ ಎಂಆರ್ ಕೆಲಸ ಮಾಡುತ್ತದೆ. "ಕೆಲಸ" ಫೋಲ್ಡರಿಗೆ ಹೋಗಿ ಕಮಾಂಡ್ ಕೊಟ್ಟರೆ ಆಫೀಸಿನ ರೆಪೋಗಳು ಮಾತ್ರ. ಹೋಮ್‌ನಲ್ಲಿ ನಿಂತು ಕೊಟ್ಟರೆ ಎಲ್ಲವೂ. ಗುಂಪು ಮಾಡಲು ಬೇರೆ ಯಾವ ಸೆಟ್ಟಿಂಗೂ ಬೇಡ, ಫೋಲ್ಡರೇ ಗುಂಪು.

ಜಾಗ ಬದಲಿಸುವುದಿದ್ದರೆ ಈಗಲೇ ಬದಲಿಸಿ. ಎಂಆರ್ ರೆಪೋವನ್ನು ಗುರುತಿಸುವುದು ಅದರ ಫೋಲ್ಡರ್ ಹೆಸರಿನಿಂದ. ನೋಂದಣಿ (ಎಂಆರ್‌ನ ಪಟ್ಟಿಗೆ ಸೇರಿಸುವುದು) ಆದಮೇಲೆ ಫೋಲ್ಡರಿನ ಹೆಸರು ಬದಲಿಸಿದರೆ ಮುಂದಿನ ಅಪ್‌ಡೇಟ್‌ನಲ್ಲಿ ಹಳೇ ಹೆಸರಿನಲ್ಲಿ ಹೊಸದಾಗಿ ಇನ್ನೊಂದು ಕ್ಲೋನ್ ಬಂದು ಕೂರುತ್ತದೆ. ಒಂದೇ ರೆಪೋದ ಎರಡು ಪ್ರತಿ. ಯಾವುದರಲ್ಲಿ ತಿದ್ದಿದ್ದು ಅನ್ನುವುದು ಎರಡು ವಾರದ ಮೇಲೆ ನಿಮಗೂ ನೆನಪಿರುವುದಿಲ್ಲ.

## ಹಂತ 2: ಒಂದೊಂದು ರೆಪೋದ ಒಳಗೂ ಇಣುಕಿ ನೋಡಿ

ಬೇಜಾರಿನ ಕೆಲಸ, ಆದರೆ ಒಂದೇ ಸಲ ಮಾಡುವುದು. ಪ್ರತಿ ರೆಪೋದಲ್ಲೂ ಮೂರು ಪ್ರಶ್ನೆ ಕೇಳಿಕೊಳ್ಳಿ.

ಒರಿಜಿನ್ ಅನ್ನೋ ರಿಮೋಟ್ (ಸರ್ವರಿನಲ್ಲಿರುವ ಪ್ರತಿಯ ವಿಳಾಸಕ್ಕಿಟ್ಟ ಹೆಸರು) ಇದೆಯಾ? "ಗಿಟ್ ರಿಮೋಟ್ -ವಿ" ಹೊಡೆದು ನೋಡಿ. ನೋಂದಣಿ ಮಾಡುವಾಗ ಎಂಆರ್ ಹುಡುಕುವುದು ಒರಿಜಿನ್‌ನ ವಿಳಾಸವನ್ನು. ನೀವು ರಿಮೋಟ್‌ಗೆ "ಸರ್ವರ್" ಅಂತಲೋ "ಮನೆ" ಅಂತಲೋ ಹೆಸರಿಟ್ಟಿದ್ದರೆ "ಕೆನಾಟ್ ಡಿಟರ್ಮಿನ್ ಗಿಟ್ ಯುಆರ್‌ಎಲ್" ಅಂತ ಮುಖ ತಿರುಗಿಸುತ್ತದೆ. ಇನ್ನೂ ಎಲ್ಲಿಗೂ ಪುಶ್ ಮಾಡದ (ಸರ್ವರಿಗೆ ಕಳಿಸದ), ನಿಮ್ಮ ಯಂತ್ರದಲ್ಲೇ ಹುಟ್ಟಿದ ರೆಪೋಗಳಿಗೂ ಇದೇ ಗತಿ.

ಆ ವಿಳಾಸದೊಳಗೆ ಟೋಕನ್ ಅಥವಾ ಪಾಸ್‌ವರ್ಡ್ ಸೇರಿಕೊಂಡಿದೆಯಾ? ಇದನ್ನು ದಯವಿಟ್ಟು ಕಣ್ಣಿಟ್ಟು ನೋಡಿ. ಅವಸರದಲ್ಲಿ ಕ್ಲೋನ್ ಮಾಡುವಾಗ ಎಚ್‌ಟಿಟಿಪಿಎಸ್ ವಿಳಾಸದ ನಡುವೆ ಟೋಕನ್ ತುರುಕಿರುತ್ತೇವೆ. ನೋಂದಣಿ ಮಾಡಿದರೆ ಆ ಟೋಕನ್ ಸಮೇತ ವಿಳಾಸ ಎಂಆರ್‌ನ ಪಟ್ಟಿ ಇರುವ ಕಾನ್ಫಿಗ್ ಫೈಲಿಗೆ ಇಳಿಯುತ್ತದೆ. ಆ ಫೈಲನ್ನು ನಾಳೆ ನೀವೇ ಇನ್ನೊಂದು ರೆಪೋಗೆ ಹಾಕಿ ಪುಶ್ ಮಾಡುತ್ತೀರಿ. ಗುಟ್ಟು ಊರಿಗೆಲ್ಲ ಗೊತ್ತಾಯಿತು ಅಂತಲೇ ಲೆಕ್ಕ. "ಗಿಟ್ ರಿಮೋಟ್ ಸೆಟ್-ಯುಆರ್‌ಎಲ್ ಒರಿಜಿನ್" ಅಂತ ಬರೆದು, ಮುಂದೆ ಎಸ್‌ಎಸ್‌ಎಚ್ ವಿಳಾಸ (ಪಾಸ್‌ವರ್ಡ್ ಬದಲು ಕೀ ಬಳಸುವ ಸಂಪರ್ಕದ್ದು) ಕೊಟ್ಟು ಬದಲಿಸಿ.

ಈಗ ಯಾವ ಬ್ರಾಂಚಿನಲ್ಲಿ (ಕೋಡಿನ ಕವಲಿನಲ್ಲಿ) ಇದ್ದೀರಿ, ಅದು ರಿಮೋಟ್ ಬ್ರಾಂಚಿಗೆ ಅಂಟಿಕೊಂಡಿದೆಯಾ? "ಗಿಟ್ ಬ್ರಾಂಚ್ -ವಿವಿ" ಇದನ್ನು ತೋರಿಸುತ್ತದೆ. ಹಳೇ ಟ್ಯಾಗ್ ಒಂದನ್ನು ನೋಡಲು ಹೋಗಿ ಡಿಟ್ಯಾಚ್ಡ್ ಹೆಡ್‌ನಲ್ಲೇ (ಯಾವ ಬ್ರಾಂಚಿಗೂ ಸೇರದ ಸ್ಥಿತಿಯಲ್ಲಿ) ಬಿಟ್ಟುಬಂದ ರೆಪೋಗಳು ಇರುತ್ತವೆ. ಅಲ್ಲಿ ಪುಲ್ (ಸರ್ವರಿನ ಹೊಸ ಕಮಿಟ್‌ಗಳನ್ನು ತರುವುದು) ನಡೆಯುವುದಿಲ್ಲ.

## ಹಂತ 3: ಪಾಸ್‌ವರ್ಡ್ ಕೇಳುವ ಬಾಯಿಗಳನ್ನು ಮುಚ್ಚಿಸಿ

ಒಂದು ರೆಪೋ ಪಾಸ್‌ಫ್ರೇಸ್ ಕೇಳಿದರೆ ಕೊಡಬಹುದು. ಮೂವತ್ತು ರೆಪೋ ಕೇಳಿದರೆ? ಅದರಲ್ಲೂ ನಾಲ್ಕು ಒಟ್ಟಿಗೆ ಓಡುತ್ತಿರುವಾಗ ಯಾವ ಪ್ರಶ್ನೆ ಯಾವುದಕ್ಕೆ ಅನ್ನುವುದೇ ತಿಳಿಯುವುದಿಲ್ಲ.

ಎಸ್‌ಎಸ್‌ಎಚ್ ಏಜೆಂಟ್ (ಕೀಯನ್ನು ನೆನಪಿಟ್ಟುಕೊಳ್ಳುವ ಪ್ರೋಗ್ರಾಂ) ಶುರು ಮಾಡಿ, "ಎಸ್‌ಎಸ್‌ಎಚ್-ಆ್ಯಡ್" ಹೊಡೆದು ಕೀಯನ್ನು ಒಮ್ಮೆ ಒಪ್ಪಿಸಿಬಿಡಿ. ಆಮೇಲೆ ನೀವು ಬಳಸುವ ಒಂದೊಂದು ಸರ್ವರ್‌ನಲ್ಲೂ ಯಾವುದಾದರೂ ಒಂದು ರೆಪೋಗೆ "ಗಿಟ್ ಎಲ್‌ಎಸ್-ರಿಮೋಟ್" ಕೊಡಿ. ಮೊದಲ ಸಲ ಸಂಪರ್ಕಿಸುವಾಗ ಸರ್ವರಿನ ಹೋಸ್ಟ್ ಕೀ ಒಪ್ಪುತ್ತೀರಾ, ಎಸ್ ಅಥವಾ ನೋ, ಅಂತ ಕೇಳುತ್ತದಲ್ಲ, ಅದನ್ನು ಈಗಲೇ ಕೈಯಾರೆ ಮುಗಿಸಿಕೊಳ್ಳಿ.

ಎಚ್‌ಟಿಟಿಪಿಎಸ್ ವಿಳಾಸ ಬಿಡಲಾಗದಿದ್ದರೆ "ಗಿಟ್_ಟರ್ಮಿನಲ್_ಪ್ರಾಂಪ್ಟ್" ಅನ್ನೋ ಎನ್ವಿರಾನ್‌ಮೆಂಟ್ ವೇರಿಯಬಲ್‌ಗೆ 0 ಕೊಡಿ. ಹೆಸರು ಪೂರ್ತಿ ದೊಡ್ಡ ಅಕ್ಷರಗಳಲ್ಲಿ. ಆಗ ಗಿಟ್ ಹೆಸರು-ಪಾಸ್‌ವರ್ಡ್ ಕೇಳುತ್ತಾ ಕೂರುವ ಬದಲು ನೇರವಾಗಿ ಫೇಲ್ ಆಗುತ್ತದೆ. ಫೇಲ್ ಆದರೆ ಕಣ್ಣಿಗೆ ಬೀಳುತ್ತದೆ. ಕಾಯುತ್ತಾ ಕೂತರೆ ನೀವು ಕಾಫಿ ಕುಡಿದು ಬಂದರೂ ಅದು ಅಲ್ಲೇ ಇರುತ್ತದೆ.

## ಹಂತ 4: ಮೂರೇ ಮೂರು ರೆಪೋ ನೋಂದಾಯಿಸಿ

ಈಗ ಇನ್‌ಸ್ಟಾಲ್ ಮಾಡಿ. ಒಂದು ರೆಪೋದ ಒಳಗೆ ಹೋಗಿ "ಎಂಆರ್ ರಿಜಿಸ್ಟರ್" ಹೊಡೆಯಿರಿ. ಯಾವ ವಿಳಾಸವನ್ನು ಯಾವ ಫೈಲಿಗೆ ಬರೆದೆ ಅಂತ ಅದು ಒಂದು ಸಾಲು ಹೇಳುತ್ತದೆ. ಆ ಸಾಲನ್ನು ಓದಿ. ಸಾಮಾನ್ಯವಾಗಿ ಹೋಮ್ ಫೋಲ್ಡರಿನ ಡಾಟ್ ಎಂಆರ್‌ಕಾನ್ಫಿಗ್ ಫೈಲಿಗೇ ಬರೆಯುತ್ತದೆ. ಆದರೆ ದಾರಿಯಲ್ಲಿ ಮೇಲಿನ ಯಾವುದೋ ಫೋಲ್ಡರಿನಲ್ಲಿ ಇನ್ನೊಂದು ಡಾಟ್ ಎಂಆರ್‌ಕಾನ್ಫಿಗ್ ಇದ್ದರೆ ಹತ್ತಿರದ್ದನ್ನೇ ಹಿಡಿದುಕೊಳ್ಳುತ್ತದೆ. "ರಿಜಿಸ್ಟರ್ ಮಾಡಿದೆ, ಆದ್ರೆ ಫೈಲಲ್ಲಿ ಕಾಣ್ತಿಲ್ಲ" ಅನ್ನುವವರು ತಪ್ಪು ಫೈಲ್ ತೆರೆದು ನೋಡುತ್ತಿರುತ್ತಾರೆ, ಅಷ್ಟೇ.

ಫೈಲ್ ತೆರೆದರೆ ಹೀಗೆ ಕಾಣಬೇಕು:

    [ಕೋಡ್/ಕೆಲಸ/ಬಿಲ್ಲಿಂಗ್]
    ಚೆಕ್‌ಔಟ್ = ಗಿಟ್ ಕ್ಲೋನ್ 'ರಿಮೋಟ್ ವಿಳಾಸ' 'ಬಿಲ್ಲಿಂಗ್'

ಚೌಕ ಆವರಣದಲ್ಲಿ ಇರುವುದು ದಾರಿ. ಕಾನ್ಫಿಗ್ ಫೈಲ್ ಇರುವ ಜಾಗದಿಂದ ಅಳೆದ ದಾರಿ ಅದು. ಕೆಳಗಿನ ಸಾಲು, ಈ ರೆಪೋ ಇಲ್ಲದಿದ್ದರೆ ಹೇಗೆ ತರಬೇಕು ಅನ್ನುವುದು. ಬಲಗಡೆ ಇರುವುದೆಲ್ಲ ಶುದ್ಧ ಶೆಲ್ ಕಮಾಂಡ್, ಅಂದರೆ ಟರ್ಮಿನಲ್‌ನಲ್ಲಿ ಹೊಡೆಯುವಂಥದ್ದೇ. ಹಾಗಾಗಿ ಈ ಫೈಲಿನಲ್ಲಿ ನೀವು ಬರೆದದ್ದನ್ನೆಲ್ಲ ಯಂತ್ರ ನಿಜವಾಗಿ ಓಡಿಸುತ್ತದೆ ಅನ್ನುವುದು ನೆನಪಿರಲಿ.

ಒಂದು ಕಮಾಂಡ್ ಎರಡು ಸಾಲಿಗೆ ಹೋದರೆ ಎರಡನೇ ಸಾಲಿನ ಮುಂದೆ ಜಾಗ ಬಿಟ್ಟು ಒಳಸರಿಸಿ ಬರೆಯಬೇಕು. ಎಡ ಅಂಚಿಗೆ ಅಂಟಿಸಿದರೆ ಆ ಸಾಲಿನ ನಂಬರ್ ಹೇಳಿ ಪಾರ್ಸ್ ಎರರ್ ಕೊಡುತ್ತದೆ.

ಈ ಮೂರು ರೆಪೋ ಇಟ್ಟುಕೊಂಡೇ ಮುಂದಿನ ಮೂರು ಹಂತ ಮಾಡಿ. ಎಲ್ಲ ಸರಿ ಅನ್ನಿಸಿದ ಮೇಲೆ ಉಳಿದವನ್ನು ಒಂದು ಫಾರ್ ಲೂಪ್ ಹಾಕಿ ಸೇರಿಸಿಕೊಳ್ಳಬಹುದು. "ಎಂಆರ್ ರಿಜಿಸ್ಟರ್" ಮುಂದೆ ಫೋಲ್ಡರಿನ ಹೆಸರು ಕೊಟ್ಟರೂ ಒಪ್ಪುತ್ತದೆ. ಸೇರಿಸಿದ ಮೇಲೆ "ಎಂಆರ್ ಲಿಸ್ಟ್" ಹೊಡೆದು, ಮೊದಲ ಹಂತದ ಪಟ್ಟಿಗೆ ತಾಳೆ ನೋಡಿ.

## ಹಂತ 5: ಸ್ಟೇಟಸ್, ಸ್ಟೇಟಸ್, ಸ್ಟೇಟಸ್

ನನ್ನ ಕೇಳಿದರೆ ಎಂಆರ್‌ನ ನಿಜವಾದ ಉಪಯೋಗ ಇರುವುದು ಇಲ್ಲೇ. ಎಲ್ಲವನ್ನೂ ಒಟ್ಟಿಗೆ ಪುಲ್ ಮಾಡುವುದು ಅಂಥಾ ದೊಡ್ಡ ವಿಷಯವೇನಲ್ಲ. ಯಾವ ರೆಪೋದಲ್ಲಿ ಅರ್ಧಂಬರ್ಧ ಕೆಲಸ ಬಿಟ್ಟಿದ್ದೀನಿ ಅಂತ ಒಂದೇ ಏಟಿಗೆ ಕಾಣುತ್ತದಲ್ಲ, ಅದು ದೊಡ್ಡದು.

    ಎಂಆರ್ -ಎಂ ಸ್ಟೇಟಸ್

ಆ "-ಎಂ" ಹಾಕುವುದನ್ನು ಮರೆಯಬೇಡಿ. ಹಾಕದಿದ್ದರೆ ಮೂವತ್ತು ರೆಪೋಗೂ ಒಂದೊಂದು ತಲೆಬರಹ ಬಂದು ಪರದೆ ತುಂಬಿಹೋಗುತ್ತದೆ. ಹಾಕಿದರೆ ಏನಾದರೂ ಹೇಳುವುದಿರುವ ರೆಪೋಗಳು ಮಾತ್ರ ಕಾಣುತ್ತವೆ, ಚೊಕ್ಕವಾಗಿರುವವು ತೆಪ್ಪಗಿರುತ್ತವೆ. ಗಿಟ್ ರೆಪೋಗಳಲ್ಲಿ ಕಮಿಟ್ ಆಗದ ಫೈಲ್‌ಗಳ ಜೊತೆಗೆ, ಕಮಿಟ್ ಆಗಿಯೂ ಪುಶ್ ಆಗದೆ ಉಳಿದ ಬ್ರಾಂಚ್‌ಗಳನ್ನೂ ತೋರಿಸುತ್ತದೆ. ಬರೀ ಗಿಟ್ ಸ್ಟೇಟಸ್ ನೀವು ನಿಂತಿರುವ ಬ್ರಾಂಚಿನ ಸುದ್ದಿ ಮಾತ್ರ ಹೇಳುತ್ತದೆ ಅಲ್ವಾ, ಇದು ಬೇರೆ ಬ್ರಾಂಚ್‌ಗಳದ್ದೂ ಹೇಳುತ್ತದೆ.

ಒಮ್ಮೆ ಶುಕ್ರವಾರ ಸಂಜೆ ಆಫೀಸಿನ ಯಂತ್ರ ಮುಚ್ಚಿ ಊರಿನ ಬಸ್ ಹತ್ತಿದ್ದೆ. ಶನಿವಾರ ಬೆಳಗ್ಗೆ ಮನೆಯ ಲ್ಯಾಪ್‌ಟಾಪ್ ತೆಗೆದು ನೋಡಿದರೆ ಎರಡು ದಿನದ ಕೆಲಸವೇ ಇಲ್ಲ. ಕಮಿಟ್ ಮಾಡಿದ್ದೆ, ಬೇರೆ ಬ್ರಾಂಚಿನಲ್ಲಿ, ಪುಶ್ ಮಾಡಿರಲಿಲ್ಲ. ಯಂತ್ರ ಮುನ್ನೂರು ಕಿಲೋಮೀಟರ್ ದೂರದಲ್ಲಿ ಬಂದ್ ಆಗಿ ಕೂತಿತ್ತು. ಅವತ್ತಿನಿಂದ ಬ್ಯಾಗಿಗೆ ಲ್ಯಾಪ್‌ಟಾಪ್ ಹಾಕುವ ಮೊದಲು ಈ ಕಮಾಂಡ್ ಹೊಡೆಯುವುದು ಗ್ಯಾಸ್ ಆಫ್ ಮಾಡಿ ಹೊರಡುವ ಹಾಗೆ ರೂಢಿಯಾಗಿದೆ.

"ಎಂಆರ್ ಎಸ್‌ಟಿ" ಅಂತ ಚಿಕ್ಕದಾಗಿ ಹೊಡೆದರೂ ನಡೆಯುತ್ತದೆ. ಗೊಂದಲ ಆಗದಷ್ಟು ಅಕ್ಷರ ಇದ್ದರೆ ಸಾಕು, ಅಪ್‌ಡೇಟ್‌ಗೆ "ಅಪ್" ಸಾಕು.

## ಹಂತ 6: ಅಪ್‌ಡೇಟ್ ಮಾಡುವ ಮೊದಲು ಲಗಾಮು ಹಾಕಿ

ಎಂಆರ್ ಅಪ್‌ಡೇಟ್ ಅಂದರೆ ಗಿಟ್ ರೆಪೋಗಳಲ್ಲಿ ಬರೀ "ಗಿಟ್ ಪುಲ್". ನಿಮ್ಮ ಕಡೆಯೂ ಕಮಿಟ್ ಇದೆ, ಸರ್ವರಿನಲ್ಲೂ ಹೊಸ ಕಮಿಟ್ ಇದೆ ಅಂದರೆ ಹಳೇ ಗಿಟ್ ಕೇಳದೇ ಕೇಳಿಸದೇ ಎರಡನ್ನೂ ಬೆಸೆದು ಮರ್ಜ್ ಕಮಿಟ್ ಮಾಡಿಬಿಡುತ್ತಿತ್ತು. 2021ರಲ್ಲಿ ಬಂದ ಗಿಟ್ 2.33ರಿಂದ ಈಚೆಗೆ, ಮರ್ಜೋ ರೀಬೇಸೋ (ನಿಮ್ಮ ಕಮಿಟ್‌ಗಳನ್ನು ಸರ್ವರಿನವುಗಳ ಮೇಲೆ ಮರುಜೋಡಿಸುವುದು) ನೀವೇ ಹೇಳಿ ಅಂತ ನಿಂತುಬಿಡುತ್ತದೆ. ಎರಡೂ ನಮಗೆ ಬೇಡ. ಬೇಕಾಗಿರುವುದು ಇಷ್ಟು: ನೇರವಾಗಿ ಮುಂದಕ್ಕೆ ಹೋಗಲು ಸಾಧ್ಯವಿದ್ದರೆ ಹೋಗು, ಇಲ್ಲವಾದರೆ ಮುಟ್ಟಬೇಡ, ನನಗೆ ಹೇಳು.

ಕಾನ್ಫಿಗ್ ಫೈಲಿನಲ್ಲಿ ಎಲ್ಲಕ್ಕಿಂತ ಮೇಲೆ ಇದನ್ನು ಹಾಕಿ:

    [ಡಿಫಾಲ್ಟ್]
    ಗಿಟ್_ಅಪ್‌ಡೇಟ್ = ಗಿಟ್ ಪುಲ್ --ಎಫ್‌ಎಫ್-ಓನ್ಲಿ "$@"

ಡಿಫಾಲ್ಟ್ ಅನ್ನುವುದು ದೊಡ್ಡ ಅಕ್ಷರಗಳಲ್ಲೇ ಇರಬೇಕು. ಅದು ಫೈಲಿನ ಮೇಲ್ಭಾಗದಲ್ಲೇ ಬರಬೇಕು, ಯಾಕೆಂದರೆ ತನ್ನ ಕೆಳಗಿರುವ ರೆಪೋಗಳಿಗೆ ಮಾತ್ರ ಅದು ಅನ್ವಯ. ಕೊನೆಯಲ್ಲಿ ಬರೆದು "ಏನೂ ಆಗ್ತಿಲ್ವಲ್ಲ" ಅನ್ನುವವರು ಜಾಸ್ತಿ. ಇನ್ನೊಂದು: ಬರೀ "ಅಪ್‌ಡೇಟ್ =" ಅಂತ ಬರೆಯಬೇಡಿ. ಹಾಗೆ ಬರೆದರೆ ನಿಮ್ಮ ಸಬ್‌ವರ್ಶನ್ ರೆಪೋದಲ್ಲೂ ಗಿಟ್ ಪುಲ್ ಮಾಡಲು ಹೋಗುತ್ತದೆ. ಮುಂದೆ "ಗಿಟ್_" ಇದ್ದರೆ ಗಿಟ್‌ಗೆ ಮಾತ್ರ.

ಇಷ್ಟಾದ ಮೇಲೆ ಓಡಿಸಿ:

    ಎಂಆರ್ -ಎಸ್ -ಜೆ 4 ಅಪ್‌ಡೇಟ್

"-ಜೆ 4" ಅಂದರೆ ನಾಲ್ಕು ರೆಪೋ ಒಟ್ಟಿಗೆ. ಮೂರರಿಂದ ಐದರೊಳಗೆ ಇಟ್ಟುಕೊಂಡರೆ ವೇಗವೂ ಸಿಗುತ್ತದೆ, ಯಂತ್ರವೂ ಏದುಸಿರು ಬಿಡುವುದಿಲ್ಲ. ಇಪ್ಪತ್ತು ಕೊಟ್ಟರೆ ಇನ್ನೂ ಬೇಗ ಆಗುತ್ತದೆ ಅಂತ ತೋರುತ್ತದೆ, ಆಗುವುದಿಲ್ಲ. ಎಸ್‌ಎಸ್‌ಎಚ್ ಸರ್ವರ್‌ಗಳು ಲಾಗಿನ್ ಮುಗಿಯದ ಸಂಪರ್ಕಗಳಿಗೆ ಮಿತಿ ಇಟ್ಟಿರುತ್ತವೆ. ಓಪನ್ ಎಸ್‌ಎಸ್‌ಎಚ್‌ನ ಮಾಮೂಲಿ ಸೆಟ್ಟಿಂಗ್ ಪ್ರಕಾರ ಅಂಥವು 10 ಆದ ಮೇಲೆ ಹೊಸದಾಗಿ ಬಂದವನ್ನು ಮನಸ್ಸಿಗೆ ಬಂದ ಹಾಗೆ ಕೈಬಿಡಲು ಶುರು ಮಾಡುತ್ತದೆ. ಒಮ್ಮೆ ಈ ರೆಪೋ ಫೇಲ್, ಮತ್ತೊಮ್ಮೆ ಓಡಿಸಿದರೆ ಆ ರೆಪೋ ಫೇಲ್, ಕಾರಣ ಮಾತ್ರ ಗೊತ್ತಾಗುತ್ತಿಲ್ಲ ಅಂತಿದ್ದರೆ ಮೊದಲು ಈ ನಂಬರ್ ಇಳಿಸಿ ನೋಡಿ.

"-ಎಸ್" ಹಾಕಿದ್ದು ಕೊನೆಯ ಸಾಲಿಗೋಸ್ಕರ. ಎಲ್ಲ ಮುಗಿದ ಮೇಲೆ ಎಷ್ಟು ಓಕೆ, ಎಷ್ಟು ಫೇಲ್ಡ್, ಎಷ್ಟು ಸ್ಕಿಪ್ಡ್ ಅಂತ ಲೆಕ್ಕ ಬರುತ್ತದೆ. "-ಎಸ್" ಇದ್ದರೆ ಫೇಲ್ ಆದವು ಯಾವುವು ಅಂತ ಹೆಸರು ಹಿಡಿದು ಹೇಳುತ್ತದೆ. ಇಲ್ಲದಿದ್ದರೆ "1 ಫೇಲ್ಡ್" ಅಂತ ಬರುತ್ತದೆ, ಆ ಒಂದನ್ನು ಹುಡುಕಲು ನಾನೂರು ಸಾಲು ಮೇಲಕ್ಕೆ ಸರಿಸಬೇಕು.

ಫೇಲ್ ಆದವು ನಾಲ್ಕೈದು ಇದ್ದರೆ "-ಜೆ" ತೆಗೆದು "-ಐ" ಹಾಕಿ ಇನ್ನೊಮ್ಮೆ ಓಡಿಸಿ. ಎಲ್ಲಿ ಎಡವಿತೋ ಆ ರೆಪೋದ ಒಳಗೇ ಒಂದು ಶೆಲ್ ತೆರೆದು ಕೊಡುತ್ತದೆ. ಸರಿ ಮಾಡಿ ಎಕ್ಸಿಟ್ ಹೊಡೆದರೆ ಮುಂದಿನದಕ್ಕೆ ಹೋಗುತ್ತದೆ.

ಕೆಲಸದ ಫೈಲ್‌ಗಳನ್ನು ಮುಟ್ಟದೆ ಸರ್ವರಿನಲ್ಲಿ ಹೊಸದೇನಿದೆ ಅಂತ ತಂದಿಟ್ಟುಕೊಳ್ಳಲು "ಎಂಆರ್ ಫೆಚ್" ಇದೆ. ನಿಗದಿತ ಹೊತ್ತಿಗೆ ಕಮಾಂಡ್ ತಾನಾಗಿ ಓಡಿಸುವ ಕ್ರಾನ್‌ಗೆ ಹಾಕುವ ಆಸೆ ಇದ್ದರೆ ಇದನ್ನು ಹಾಕಿ, ಅಪ್‌ಡೇಟ್ ಬೇಡ. ಕ್ರಾನ್‌ಗೆ ನಿಮ್ಮ ಎಸ್‌ಎಸ್‌ಎಚ್ ಏಜೆಂಟ್ ತಾನಾಗಿ ಕಾಣುವುದಿಲ್ಲ, ಅದಕ್ಕೆ ಬೇರೆ ವ್ಯವಸ್ಥೆ ಮಾಡಬೇಕಾಗುತ್ತದೆ.

## ಹಂತ 7: ಕಮಿಟ್ ಬಾಗಿಲಿಗೆ ಬೀಗ ಹಾಕಿ

ಎಂಆರ್ ಕಮಿಟ್ ಅನ್ನುವುದು ನೀವು ಅಂದುಕೊಂಡಂತೆ ಬರೀ ಕಮಿಟ್ ಅಲ್ಲ. ಗಿಟ್‌ನಂಥ ವ್ಯವಸ್ಥೆಗಳಲ್ಲಿ ಅದು ಕಮಿಟ್ ಮಾಡಿ, ಕೂಡಲೇ ಪುಶ್ಶನ್ನೂ ಮಾಡುತ್ತದೆ. ಅದೂ "-ಎ" ಹಾಕಿದ ಕಮಿಟ್. ನೀವು ಸ್ಟೇಜ್ ಮಾಡದಿದ್ದರೂ (ಕಮಿಟ್‌ಗೆಂದು ಆರಿಸದಿದ್ದರೂ) ಬದಲಾದ ಫೈಲ್‌ಗಳೆಲ್ಲ ಒಳಗೆ ಹೋಗುತ್ತವೆ.

ನನಗೆ ಇದು ಗೊತ್ತಿರಲಿಲ್ಲ. ಒಂದು ರೀಡ್‌ಮಿ (ಪ್ರಾಜೆಕ್ಟ್ ಪರಿಚಯದ) ಫೈಲಿನಲ್ಲಿ ಕಾಗುಣಿತ ತಿದ್ದಿದ್ದೆ. ಹೋಮ್ ಫೋಲ್ಡರಿನಲ್ಲಿ ನಿಂತು "ಎಂಆರ್ ಕಮಿಟ್" ಕೊಟ್ಟು, "ಕಾಗುಣಿತ ತಿದ್ದುಪಡಿ" ಅಂತ ಸಂದೇಶ ಹಾಕಿದೆ. ಇನ್ನೂ ಮೂರು ರೆಪೋಗಳಲ್ಲಿ ಅರ್ಧ ಬರೆದ ಕೋಡ್ ಇತ್ತು. ಒಂದರಲ್ಲಿ ಲಾಗಿನ್ ಪರೀಕ್ಷೆಯನ್ನೇ ಕಾಮೆಂಟ್ ಮಾಡಿ ಇಟ್ಟಿದ್ದೆ. ನಾಲ್ಕೂ ರೆಪೋಗಳಿಗೆ ಅದೇ ಸಂದೇಶದಲ್ಲಿ ಕಮಿಟ್ ಆಗಿ, ಪುಶ್ ಆಗಿ, ಹತ್ತು ನಿಮಿಷದಲ್ಲಿ ಜೊತೆಯವರ ಫೋನ್. "ಇದ್ಯಾವ ಕಾಗುಣಿತಾರೀ?" ಅಂತ. ಆಮೇಲೆ ಒಂದೊಂದಕ್ಕೂ ಗಿಟ್ ರಿವರ್ಟ್ ಮಾಡಿ ಆ ಬದಲಾವಣೆಗಳನ್ನು ರದ್ದು ಮಾಡುತ್ತಾ ಕೂತೆ.

ಡಿಫಾಲ್ಟ್ ಭಾಗದಲ್ಲಿ ಇನ್ನೊಂದು ಸಾಲು ಸೇರಿಸಿ:

    ಗಿಟ್_ಕಮಿಟ್ = ಫಾಲ್ಸ್

ಇಷ್ಟೇ. ಇನ್ನು ಮೇಲೆ ಎಂಆರ್ ಕಮಿಟ್ ಹೊಡೆದರೆ ಗಿಟ್ ರೆಪೋಗಳಲ್ಲಿ ಏನೂ ಮಾಡದೆ ಫೇಲ್ ಆಗುತ್ತದೆ. ಪುಶ್ ಇಲ್ಲದ ಕಮಿಟ್ ಬೇಕೇ ಬೇಕು ಅಂದರೆ "ಎಂಆರ್ ರೆಕಾರ್ಡ್" ಇದೆ. ಅದನ್ನೂ ಒಂದೇ ರೆಪೋದ ಒಳಗೆ ನಿಂತು ಕೊಡಿ. ಕಮಿಟ್ ಸಂದೇಶ ಅನ್ನುವುದು ಒಂದೊಂದು ರೆಪೋಗೂ ಬೇರೆ ಬೇರೆ ಇರಲೇಬೇಕಾದ ವಸ್ತು. ಅದನ್ನು ಒಟ್ಟಿಗೆ ಮಾಡುವ ಸೌಲಭ್ಯ ಯಾಕಾದರೂ ಇದೆಯೋ ಅಂತ ನನಗೆ ಇವತ್ತಿಗೂ ಅನ್ನಿಸುತ್ತದೆ.

ಎಲ್ಲ ರೆಪೋಗಳಲ್ಲೂ ಒಂದೇ ಕೆಲಸ ಮಾಡಿಸಲು "ಎಂಆರ್ ರನ್" ಬಳಸಿ. ಉದಾಹರಣೆಗೆ ಯಾವುದು ಯಾವ ಬ್ರಾಂಚಿನಲ್ಲಿದೆ ಅಂತ ನೋಡಲು:

    ಎಂಆರ್ ರನ್ ಗಿಟ್ ಬ್ರಾಂಚ್ --ಶೋ-ಕರೆಂಟ್

ಇಲ್ಲೊಂದು ಮೋಸ ಇದೆ. ಮುಂದೆ ಪೈಪ್ (ಔಟ್‌ಪುಟ್ಟನ್ನು ಇನ್ನೊಂದು ಕಮಾಂಡಿಗೆ ದಾಟಿಸುವ ಚಿಹ್ನೆ) ಹಾಕಿದರೆ ಆ ಪೈಪ್ ಪ್ರತಿ ರೆಪೋದ ಒಳಗೆ ಓಡುವುದಿಲ್ಲ, ಎಲ್ಲದರ ಒಟ್ಟು ಔಟ್‌ಪುಟ್ ಮೇಲೆ ಒಮ್ಮೆ ಓಡುತ್ತದೆ. ಒಳಗೇ ಓಡಬೇಕಾದರೆ "ಎಂಆರ್ ರನ್ ಎಸ್‌ಎಚ್ -ಸಿ" ಅಂತ ಬರೆದು, ಪೂರ್ತಿ ಕಮಾಂಡನ್ನು ಒಂಟಿ ಉದ್ಧರಣ ಚಿಹ್ನೆಯೊಳಗೆ ಕೊಡಿ. ಅಳಿಸುವ ಕಮಾಂಡ್ ಯಾವುದಾದರೂ ಇದ್ದರೆ ಮೊದಲು ಅದೇ ಜಾಗದಲ್ಲಿ ನಿಂತು "ಎಂಆರ್ ಲಿಸ್ಟ್" ಹೊಡೆದು, ಎಷ್ಟು ರೆಪೋಗಳಿಗೆ ತಟ್ಟುತ್ತದೆ ಅಂತ ನೋಡಿಕೊಳ್ಳಿ.

## ಹಂತ 8: ಎಲ್ಲವೂ ಎಲ್ಲ ಸಲ ಬೇಕಾಗಿಲ್ಲ

ಈಗ ಉಳಿದ ರೆಪೋಗಳನ್ನು ಸೇರಿಸಿ. ಸೇರಿಸಿದ ಎರಡನೇ ದಿನಕ್ಕೆ ಗೊತ್ತಾಗುತ್ತದೆ, ಲಿನಕ್ಸ್ ಕರ್ನಲ್‌ನಂಥ ಭಾರೀ ರೆಪೋ ಒಂದಿದ್ದರೆ ಉಳಿದವೆಲ್ಲ ಅದಕ್ಕೇ ಕಾಯುತ್ತವೆ ಅಂತ. ಅಂಥದ್ದಕ್ಕೆ ಅದರ ಭಾಗದಲ್ಲಿ ಸ್ಕಿಪ್ ಸಾಲು ಹಾಕಿ:

    ಸ್ಕಿಪ್ = [ "$1" = ಅಪ್‌ಡೇಟ್ ] && ! ಅವರ್ಸ್_ಸಿನ್ಸ್ "$1" 12

ಹಿಂದಿನ ಅಪ್‌ಡೇಟ್ ಆಗಿ 12 ಗಂಟೆ ಕಳೆಯುವವರೆಗೆ ಈ ರೆಪೋದ ಅಪ್‌ಡೇಟ್ ಬಿಟ್ಟುಬಿಡು ಅಂತ ಅರ್ಥ. "$1" ಅಂದರೆ ಈಗ ಕೊಟ್ಟ ಕಮಾಂಡಿನ ಹೆಸರು. ಮೊದಲರ್ಧ ಬಿಟ್ಟು ಬರೆದರೆ ಸ್ಟೇಟಸ್ ಕೂಡ ಸ್ಕಿಪ್ ಆಗಬಹುದು, ಅದು ಅಪಾಯ.

ಪಟ್ಟಿಯಲ್ಲಿರಲಿ, ಆದರೆ ಈ ಯಂತ್ರಕ್ಕೆ ತಾನಾಗಿ ಇಳಿಯುವುದು ಬೇಡ ಅನ್ನುವ ರೆಪೋಗಳಿಗೆ "ಸ್ಕಿಪ್ = ಲೇಜಿ". ಬೇಕಾದಾಗ "ಎಂಆರ್ --ಫೋರ್ಸ್ -ಡಿ" ಮುಂದೆ ಫೋಲ್ಡರ್ ಹೆಸರು, ಆಮೇಲೆ ಚೆಕ್‌ಔಟ್. ಒಮ್ಮೆ ಇಳಿದ ಮೇಲೆ ಉಳಿದವುಗಳ ಜೊತೆ ತಾನೂ ಅಪ್‌ಡೇಟ್ ಆಗುತ್ತದೆ. ನನ್ನ "ಹೊರಗಿನವು" ಬಹುಪಾಲು ಹೀಗೇ ಇವೆ.

ರೆಪೋ ಇನ್ನು ಬೇಡ ಅಂತ ಫೋಲ್ಡರ್ ಅಳಿಸಿದಿರಿ. ಮಾರನೇ ದಿನ ಅಪ್‌ಡೇಟ್ ಹೊಡೆದರೆ ಅದು ಮತ್ತೆ ಪ್ರತ್ಯಕ್ಷ! ಭೂತ ಏನಲ್ಲ. ಪಟ್ಟಿಯಲ್ಲಿದ್ದು ಡಿಸ್ಕ್‌ನಲ್ಲಿ ಇಲ್ಲದ್ದನ್ನು ಅಪ್‌ಡೇಟ್ ಹೊಸದಾಗಿ ತಂದಿಡುತ್ತದೆ. ಅಳಿಸುವುದಿದ್ದರೆ ಕಾನ್ಫಿಗ್‌ನಲ್ಲಿ ಅದರ ಭಾಗವನ್ನೂ ತೆಗೆಯಿರಿ. ಎರಡು ಮೂರು ಯಂತ್ರಗಳಲ್ಲಿ ಒಂದೇ ಪಟ್ಟಿ ಬಳಸುವವರು ತೆಗೆಯುವ ಬದಲು "ಡಿಲೀಟೆಡ್ = ಟ್ರೂ" ಅಂತ ಬರೆಯಿರಿ. ಆಗ ಎಂಆರ್ ತಾನಾಗಿ ಏನನ್ನೂ ಅಳಿಸುವುದಿಲ್ಲ. ಬೇರೆ ಯಂತ್ರದಲ್ಲಿ ಆ ಫೋಲ್ಡರ್ ಉಳಿದಿದ್ದರೆ ಎಚ್ಚರಿಸುತ್ತದೆ, ಅಷ್ಟೇ.

## ಹಂತ 9: ಪಟ್ಟಿಯನ್ನೂ ರೆಪೋಗೆ ಹಾಕಿ

ಇಷ್ಟು ಕಷ್ಟಪಟ್ಟು ಮಾಡಿದ ಫೈಲ್ ಒಂದೇ ಯಂತ್ರದಲ್ಲಿದ್ದರೆ ಡಿಸ್ಕ್ ಕೆಟ್ಟ ದಿನ ಎಲ್ಲ ಮೊದಲಿಂದ. ಪಟ್ಟಿಯನ್ನು ನಿಮ್ಮ ಸೆಟ್ಟಿಂಗ್‌ಗಳ ಖಾಸಗಿ ರೆಪೋದಲ್ಲಿಡಿ. ಹೋಮ್‌ನ ಡಾಟ್ ಎಂಆರ್‌ಕಾನ್ಫಿಗ್‌ನಲ್ಲಿ ಎರಡೇ ಸಾಲು ಉಳಿಸಿ:

    [ಡಿಫಾಲ್ಟ್]
    ಇನ್‌ಕ್ಲೂಡ್ = ಕ್ಯಾಟ್ ~/ಸೆಟ್ಟಿಂಗ್ಸ್/ರೆಪೋ-ಪಟ್ಟಿ

ಹೊಸ ಯಂತ್ರದಲ್ಲಿ ಎಸ್‌ಎಸ್‌ಎಚ್ ಕೀ ಹಾಕಿ, ಸೆಟ್ಟಿಂಗ್ಸ್ ರೆಪೋ ಕ್ಲೋನ್ ಮಾಡಿ, ಈ ಎರಡು ಸಾಲು ಬರೆದು, ಹೋಮ್‌ನಲ್ಲಿ ನಿಂತು "ಎಂಆರ್ -ಜೆ 4 ಚೆಕ್‌ಔಟ್" ಕೊಟ್ಟರೆ ಲೇಜಿ ಹಾಕಿದ್ದನ್ನು ಬಿಟ್ಟು ಪಟ್ಟಿಯಲ್ಲಿದ್ದದ್ದೆಲ್ಲ ಅದೇ ಜಾಗಗಳಿಗೆ ಇಳಿಯುತ್ತದೆ. ಆದರೆ ಇದಾದ ಮೇಲೆ "ಎಂಆರ್ ರಿಜಿಸ್ಟರ್" ಬರೆಯುವುದು ಹೋಮ್‌ನ ಫೈಲಿಗೆ, ಪಟ್ಟಿಗಲ್ಲ. ಹೊಸ ರೆಪೋ ಸೇರಿಸಿದಾಗಲೆಲ್ಲ ಆ ಸಾಲುಗಳನ್ನು ಪಟ್ಟಿಗೆ ಸ್ಥಳಾಂತರಿಸಬೇಕು. ನಾನು ಇದನ್ನು ಈಗಲೂ ಮರೆಯುತ್ತೇನೆ.

ಬೇರೆಯವರು ಕೊಟ್ಟ ಕಾನ್ಫಿಗ್ ಫೈಲ್ ಬಗ್ಗೆ ಹುಷಾರು. ಬಲಗಡೆ ಇರುವುದೆಲ್ಲ ಶೆಲ್ ಕಮಾಂಡ್ ಅಂತ ಆಗಲೇ ಹೇಳಿದೆನಲ್ಲ. ಅದಕ್ಕೇ ಹೋಮ್‌ನ ಫೈಲ್ ಬಿಟ್ಟು ಉಳಿದವನ್ನು ಎಂಆರ್ ಪೂರ್ತಿ ನಂಬುವುದಿಲ್ಲ. ಅನುಮಾನ ಬಂದ ಸಾಲಿದ್ದರೆ ನಿಲ್ಲಿಸಿ, ನಂಬುವುದಾದರೆ ಡಾಟ್ ಎಂಆರ್‌ಟ್ರಸ್ಟ್ ಫೈಲಿಗೆ ಸೇರಿಸಿ ಅನ್ನುತ್ತದೆ. ಸೇರಿಸುವ ಮೊದಲು ಆ ಫೈಲನ್ನು ತೆರೆದು ಸಾಲು ಸಾಲು ಓದಿ. "-ಟಿ" ಹಾಕಿ ಎಲ್ಲವನ್ನೂ ನಂಬುವ ಅಡ್ಡದಾರಿ ಇದೆ, ಆ ಕಡೆ ತಲೆ ಹಾಕಬೇಡಿ.

## ಏನೋ ಎಡವಟ್ಟಾಗಿದೆ ಅನ್ನುವ ಲಕ್ಷಣಗಳು

"ನೋ ರೆಪಾಸಿಟರೀಸ್ ಫೌಂಡ್ ಟು ವರ್ಕ್ ಆನ್". ನೀವು ತಪ್ಪು ಫೋಲ್ಡರಿನಲ್ಲಿ ನಿಂತಿದ್ದೀರಿ. ಕೆಳಗೆ ನೋಂದಾಯಿಸಿದ ರೆಪೋ ಒಂದೂ ಇಲ್ಲ.

ಒಂದೇ ರೆಪೋ ಅಪ್‌ಡೇಟ್ ಆಗಿ ಮುಗಿದುಹೋಯಿತು. ಯಾವುದೋ ರೆಪೋದ ಒಳಗೇ ನಿಂತು ಹೊಡೆದಿದ್ದೀರಿ. ಮೇಲಕ್ಕೆ ಬನ್ನಿ.

ಸಬ್‌ವರ್ಶನ್ ರೆಪೋ ಮಾತ್ರ ವಿಚಿತ್ರ ಎರರ್ ಕೊಡುತ್ತಿದೆ. ಕಮಾಂಡಿನ ಕೊನೆಯಲ್ಲಿ ಗಿಟ್‌ಗೆ ಅಂತ ಕೊಟ್ಟ ಆಯ್ಕೆಗಳು ಹಾಗೇ ಅದಕ್ಕೂ ಹೋಗುತ್ತಿವೆ. ಎಂಆರ್‌ನ ಆಯ್ಕೆಗಳು ಕಮಾಂಡಿನ ಮೊದಲು ಬರಬೇಕು. ನಂತರ ಬರೆದದ್ದನ್ನೆಲ್ಲ ಅದು ತಿದ್ದದೆ ಕೆಳಗಿನ ವ್ಯವಸ್ಥೆಗೆ ದಾಟಿಸುತ್ತದೆ. "ಎಂಆರ್ ಅಪ್‌ಡೇಟ್ -ಜೆ 4" ಅಂತ ಬರೆದರೆ ಆ ನಾಲ್ಕು ಗಿಟ್ ಪುಲ್‌ನ ಪಾಲಾಗುತ್ತದೆ.

ಪ್ರತಿದಿನ ಅದೇ ರೆಪೋ ಫೇಲ್. ಅಭ್ಯಾಸ ಆಗಿಬಿಡುತ್ತದೆ, "ಅದು ಯಾವಾಗ್ಲೂ ಹಂಗೇ" ಅನ್ನುತ್ತೇವೆ. ಅದರ ಪಕ್ಕದಲ್ಲಿ ಹೊಸದೊಂದು ಫೇಲ್ ಆದರೆ ಕಣ್ಣಿಗೇ ಬೀಳುವುದಿಲ್ಲ. ಅದೇ ದಿನ ಸರಿ ಮಾಡಿ, ಆಗದಿದ್ದರೆ ಲೇಜಿ ಹಾಕಿ ಫೋಲ್ಡರನ್ನು ಪಕ್ಕಕ್ಕೆ ಸರಿಸಿಡಿ.

ನೆಟ್ ಇಲ್ಲದಾಗ ಎಲ್ಲವೂ ಫೇಲ್. ಹೊರಡುವ ಮೊದಲು "ಎಂಆರ್ ಆಫ್‌ಲೈನ್" ಹೊಡೆದರೆ, ಆ ಸಮಯದಲ್ಲಿ ಫೇಲ್ ಆದ ಕಮಾಂಡ್‌ಗಳನ್ನು ನೆನಪಿಟ್ಟುಕೊಂಡು "ಎಂಆರ್ ಆನ್‌ಲೈನ್" ಅಂದಾಗ ಮತ್ತೆ ಪ್ರಯತ್ನಿಸುತ್ತದೆ. ಆನ್‌ಲೈನ್ ಅನ್ನುವುದನ್ನು ಮರೆತು ವಾರಗಟ್ಟಲೆ ಹಾಗೇ ಬಿಟ್ಟವರನ್ನೂ ನೋಡಿದ್ದೇನೆ.

## ಇದು ಯಾರಿಗೆ ಬೇಡ

ಹತ್ತು ರೆಪೋಗಳ ಇಂತಿಂಥ ಕಮಿಟ್‌ಗಳು ಸೇರಿದರೇ ಒಂದು ಬಿಲ್ಡ್ ಆಗುವುದು ಅಂತಿದ್ದರೆ ಮೈರೆಪೋಸ್ ನಿಮಗಲ್ಲ. ಇದು ರೆಪೋಗಳ ಪಟ್ಟಿ ಇಟ್ಟುಕೊಳ್ಳುತ್ತದೆ, ಯಾವ ಕಮಿಟ್ ಅನ್ನುವ ಲೆಕ್ಕ ಇಡುವುದಿಲ್ಲ. ಅದಕ್ಕೆ ಗಿಟ್ ಸಬ್‌ಮಾಡ್ಯೂಲ್ ಇದೆ. ಆಂಡ್ರಾಯ್ಡ್‌ನ ಕೋಡ್ ಇಳಿಸಲು ಗೂಗಲ್ ಮಾಡಿದ "ರೆಪೋ" ಅನ್ನೋ ಟೂಲ್ ಇದೆ, ಅದರಲ್ಲಿ ಮ್ಯಾನಿಫೆಸ್ಟ್ ಫೈಲ್ ಬರೆದು ಆವೃತ್ತಿಗಳನ್ನು ಕಟ್ಟಿಹಾಕಬಹುದು. ರೋಬೋಟ್ ಕೆಲಸದವರು ತಮ್ಮ ಸಾಫ್ಟ್‌ವೇರ್ ವ್ಯವಸ್ಥೆಯಾದ ರಾಸ್‌ನ ಜೊತೆ ವಿಸಿಎಸ್‌ಟೂಲ್ ಬಳಸುತ್ತಾರೆ. ಸಂಬಂಧವಿಲ್ಲದ ಹತ್ತಾರು ರೆಪೋಗಳನ್ನು ಒಬ್ಬರೇ ಸಾಕುತ್ತಿರುವವರಿಗೆ ಮಾತ್ರ ಮೈರೆಪೋಸ್ ಹೇಳಿ ಮಾಡಿಸಿದ್ದು.

ಮೂರು ರೆಪೋ ನೋಂದಾಯಿಸಿ ಒಂದು ವಾರ ಬೆಳಗ್ಗೆ ಸ್ಟೇಟಸ್, ಆಮೇಲೆ ಅಪ್‌ಡೇಟ್, ಹೊರಡುವಾಗ ಮತ್ತೆ ಸ್ಟೇಟಸ್ ಅಂತ ನಡೆಸಿ ನೋಡಿ. ಲೂಪ್ ಹಾಕಿ ಉಳಿದವನ್ನು ತುಂಬುವುದು ಎಂಟನೇ ದಿನಕ್ಕಿರಲಿ.